ಊರ ಉಸಾಬರಿ ನಮಗ್ಯಾಕೆ, ಫಾದರ್?



‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನಾವು ‘ಬಾಯಿ ಮುಚ್ಚಿದವನಿಗೆ ಜಗಳವಿಲ್ಲ’ ಎಂದು ತಿದ್ದಿಕೊಂಡಿದ್ದೇವೆ. ಅನ್ಯಾಯದ ಮಾತು ಬಂದರೆ, “ಊರ ಉಸಾಬರಿ ನಮಗ್ಯಾಕೆ, ಫಾದರ್? ನಾಳೆ ಕೇಸು ಬಿದ್ದರೆ ಯಾರು ಬರ್ತಾರೆ?” ಎನ್ನುವವರೇ ಹೆಚ್ಚು. ಈ ಭಯ ಸುಳ್ಳಲ್ಲ. ಆದರೆ ಭಯಕ್ಕೆ ಕಾರಣವಿದೆ ಎಂದ ಮಾತ್ರಕ್ಕೆ ಮೌನ ನಿರ್ದೋಷವಾಗುತ್ತದೆಯೇ?

ಹುಣಸೂರು, ಎಚ್.ಡಿ. ಕೋಟೆಯ ಅಂಚಿನ ಕಾಡನ್ನೇ ನೋಡಿ. 1990ರ ದಶಕದಲ್ಲಿ, ಜೇನುಕುರುಬರು ಹಾಡಿ ಬಿಡಬೇಕಾಗಿ ಬಂದಿದ್ದ ನಾಗರಹೊಳೆಯೊಳಗೇ, ಮೂರ್ಕಲ್ಲಿನಲ್ಲಿ ತಾಜ್ ಬಳಗದ ಹೋಟೆಲು ಏಳತೊಡಗಿತು. ಆದಿವಾಸಿಗಳು ಸಂಘ ಕಟ್ಟಿದರು, ಪ್ರತಿಭಟಿಸಿದರು, ಕೋರ್ಟಿಗೆ ಹೋದರು. 1997ರಲ್ಲಿ ಹೈಕೋರ್ಟಿನ ತೀರ್ಪು ಅವರ ಪರವಾಗಿ ಬಂತು. ಹೋಟೆಲು ನಿಂತಿತು; ಹಾಡಿ ಬಿಟ್ಟವರ ಕಷ್ಟ ನಿಲ್ಲಲಿಲ್ಲ. ಹೈಕೋರ್ಟು ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ನೆಲೆ ಕಳೆದುಕೊಂಡ 3,418 ಕುಟುಂಬಗಳನ್ನು ಲೆಕ್ಕ ಹಾಕಿತು. ಕೇಳುವವರಿಲ್ಲದಿದ್ದರೆ ಆ ಲೆಕ್ಕವೂ ಹುಟ್ಟುತ್ತಿರಲಿಲ್ಲ.

ಕೇಳುವವರ ಗತಿಯೇನು? ಯೇಸುಸಭೆಯ ಫಾದರ್ ಸ್ಟ್ಯಾನ್ ಸ್ವಾಮಿ ಒಂದು ಕಾಲಕ್ಕೆ ಬೆಂಗಳೂರಿನ ಭಾರತೀಯ ಸಾಮಾಜಿಕ ಸಂಸ್ಥೆಯ ನಿರ್ದೇಶಕರಾಗಿದ್ದವರು. ಮುಂದೆ ಜಾರ್ಖಂಡಿನಲ್ಲಿ, ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆಯುತ್ತಿದ್ದ ಆದಿವಾಸಿ ಯುವಕರ ಪರ ದನಿ ಎತ್ತಿದರು. 2020ರ ಅಕ್ಟೋಬರ್ 8ರಂದು ಯುಎಪಿಎ ಕಾನೂನಿನಡಿ ಅವರ ಬಂಧನವಾಯಿತು. ಪಾರ್ಕಿನ್ಸನ್ ರೋಗದಿಂದ ಕೈ ನಡುಗುತ್ತಿದ್ದ ಅವರು, ನೀರು ಕುಡಿಯಲು ಒಂದು ಹೀರುಗೊಳವೆಗಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, ಜಾಮೀನು ಅರ್ಜಿ ಹೈಕೋರ್ಟಿನಲ್ಲಿರುವಾಗಲೇ, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಇದು ನಮ್ಮ ದೇಶದ ಸಂಗತಿ ಮಾತ್ರವಲ್ಲ. ನಿಕರಾಗುವಾದ ಬಿಷಪ್ ರೊಲಾಂಡೊ ಆಲ್ವಾರೆಜ್ ಅವರಿಗೆ 2023ರಲ್ಲಿ 26 ವರ್ಷಗಳ ಸಜೆಯಾಯಿತು, ಮರುವರ್ಷ ದೇಶಭ್ರಷ್ಟರಾದರು.

“ತಪ್ಪು ಮಾಡಿದ್ದರೆ ಕೋರ್ಟು ನೋಡಿಕೊಳ್ಳುತ್ತದೆ” ಎನ್ನುವಿರಿ. ಸರಿ. ಆದರೆ ಫಾದರ್ ಸ್ಟ್ಯಾನ್ ಅವರ ವಿಷಯದಲ್ಲಿ ತೀರ್ಪು ಬರಲೇ ಇಲ್ಲ, ಕಾಯುವುದೇ ಶಿಕ್ಷೆಯಾಯಿತು. ಪರರಿಗಾಗಿ ಮಾತಾಡುವವನು ಹೇಳಿದ್ದೆಲ್ಲ ಸರಿಯಿರಬೇಕಿಲ್ಲ, ಅವನನ್ನು ನಾವು ಒಪ್ಪಲೂ ಬೇಕಿಲ್ಲ. ಆದರೆ ಬಾವಿಯ ಹಗ್ಗ ಕಡಿದರೆ ಬಾಯಾರುವುದು ಹಗ್ಗಕ್ಕಲ್ಲ, ನೀರಿಗೆ ಬಂದವರಿಗೆ.

ಜೆರಿಕೋ ದಾರಿಯಲ್ಲಿ ಗಾಯಾಳುವನ್ನು ಹೊಡೆದವನು ಯಾಜಕನಲ್ಲ. ಅವನು ಪಕ್ಕಕ್ಕೆ ಸರಿದು ನಡೆದ, ಅಷ್ಟೆ. ಗುರುವಾದ ನನ್ನನ್ನು ಆ ‘ಅಷ್ಟೆ’ ಚುಚ್ಚುತ್ತದೆ. ಪ್ರತಿ ಪೂಜೆಯಲ್ಲೂ ಕರ್ತವ್ಯಲೋಪಕ್ಕೂ ಕ್ಷಮೆ ಬೇಡುವ ನಾವು ಅದನ್ನು ಇಲ್ಲಿಯೂ ಹುಡುಕೋಣ. ಎಲ್ಲರೂ ಜೈಲಿಗೆ ಹೋಗಬೇಕಿಲ್ಲ. ಹಾಡಿಯವರೊಬ್ಬರು ಅರಣ್ಯ ಹಕ್ಕಿನ ಅರ್ಜಿ ಹಿಡಿದು ಬಂದರೆ ಕೂರಿಸಿ ಓದಿ ಹೇಳೋಣ. ಅವರ ಪರ ನಿಂತವನನ್ನು ಯಾರಾದರೂ ‘ದೇಶದ್ರೋಹಿ’ ಎಂದಾಗ, “ಏನು ಆಧಾರ?” ಎಂದು ಒಮ್ಮೆಯಾದರೂ ಕೇಳೋಣ.