ಮಾಡಿದಾಕೆಯೂ ಬಡಿಸುವಾಕೆಯೂ ಒಬ್ಬಳೇ ಆದಾಗ

‘ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು’ ಎಂಬ ಗಾದೆ ನಮ್ಮ ಕಿವಿಗೆ ಬೀಳುವುದು ಹೆಚ್ಚಾಗಿ ಮುನಿಸಿನ ದನಿಯಲ್ಲೇ. ನಸುಕಿನಿಂದ ಒಲೆ ಮುಂದೆ ಕೂತು ಬೆವರಿಳಿಸಿದವಳು ಒಬ್ಬಳು. ಪಂಕ್ತಿಯಲ್ಲಿ ಸೆರಗು ಸಿಕ್ಕಿಸಿಕೊಂಡು ‘ಇನ್ನೊಂದು ಹೋಳಿಗಿ ಹಾಕಿಸ್ಕೊಳ್ರಿ’ ಎಂದು ಓಡಾಡಿ ಹೆಸರು ತಗೊಂಡವಳು ಇನ್ನೊಬ್ಬಳು. ಉಂಡೆದ್ದವರು ಹೊಗಳುವುದು ಎರಡನೆಯವಳನ್ನು. ಅಡುಗೆಮನೆಯ ಈ ಗೊಣಗಾಟ ಮುಂದೆ ಕಚೇರಿಗೂ ಕಾಲಿಟ್ಟಿತು. ರಾತ್ರಿಯೆಲ್ಲ ಕೂತು ಕಡತ ತಯಾರಿಸಿದ ಗುಮಾಸ್ತ ಮೂಲೆಗೆ ಸರಿದು, ಅದನ್ನು ಸಾಹೇಬರ ಮುಂದೆ ಹಿಡಿದವನಿಗೆ ಬಡ್ತಿ ಸಿಕ್ಕಾಗ ಇದೇ ಮಾತು ನೆನಪಾಗುತ್ತದೆ.

ಗೊಣಗಾಟವನ್ನು ಬದಿಗಿಟ್ಟು ಓದಿದರೂ ಗಾದೆ ನಿಲ್ಲುತ್ತದೆ. ಮುಖ ಸಿಂಡರಿಸಿಕೊಂಡು ತಾಟಿಗೆ ಕುಕ್ಕಿದ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ‘ಉಣ್ಣಪ, ಬಿಸಿ ಐತಿ’ ಎಂದು ಕೊಟ್ಟ ನುಚ್ಚು-ಮಜ್ಜಿಗೆ ತಂಪಾಗಿ ಇಳಿಯುತ್ತದೆ. ಅಡುಗೆಯ ಕೊನೆಯ ಹದ ಇರುವುದು ನೀಡುವ ಕೈಯಲ್ಲಿ ಎಂಬುದು ಈ ಓದು. ಬಡಿಸುವವರು ನಮ್ಮವರಾದರೆ ಕಡೆಯ ಪಂಕ್ತಿಯಾದರೇನು ಎಂಬ ಇನ್ನೊಂದು ಗಾದೆ ಇದರ ನೆಂಟ. ಅಲ್ಲಿ ಪಕ್ಷಪಾತದ ವಾಸನೆ ಇದೆ, ಅದನ್ನು ಬಿಡೋಣ.

ಹೇಗೆ ಓದಿದರೂ ಗಾದೆಗೆ ಕನಿಷ್ಠ ಮೂರು ಜನ ಬೇಕು: ಮಾಡುವವಳು, ನೀಡುವವಳು, ಉಣ್ಣುವವರು. ತುಂಬಿದ ಮನೆಯಲ್ಲಿ ಹುಟ್ಟಿದ ಮಾತು ಅದು. ಮೂವರೂ ಒಬ್ಬರೇ ಆಗಿರುವ ಮನೆಗೆ ಅದನ್ನು ಒಯ್ದರೆ ಏನಾಗುತ್ತದೆ?

ಅಂಥ ಮನೆಗಳು ಈಗ ಕಲ್ಮಲದಲ್ಲೂ ಇವೆ. ರಾಯಚೂರಿನಿಂದ ಹೊರಟ ರಸ್ತೆ ಮಾನ್ವಿ-ಸಿಂಧನೂರಿನ ಕಡೆಗೊಂದು, ಲಿಂಗಸುಗೂರಿನ ಕಡೆಗೊಂದು ಎಂದು ಒಡೆಯುವ ಊರು ಇದು. ಹಳ್ಳಿಯ ಶಾಲೆಗೆ ನೇಮಕವಾದ ಟೀಚರು, ಆಸ್ಪತ್ರೆಯ ನರ್ಸು, ಪಂಚಾಯ್ತಿಯ ಪಿಡಿಒ, ಬ್ಯಾಂಕಿನ ಹುಡುಗ, ಇಂಥವರಿಗೆ ಬಸ್ಸು ಸಿಗುವ ಜಾಗವೇ ಊರು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದ ಮಕ್ಕಳಿಗೆ ನೌಕರಿಯಲ್ಲಿ ಮೀಸಲು ಸಿಕ್ಕಿತು. ನೌಕರಿ ಸಿಕ್ಕಿದವರು ಮನೆ ಬಿಟ್ಟು ಒಂದು ಕೋಣೆ, ಒಂದು ಅಡುಗೆಕಟ್ಟೆಯ ಬಾಡಿಗೆಮನೆಗೆ ಬಂದರು. ಆದರೆ ಒಂಟಿ ಮನೆ ಎಂದಾಗ ಬರೀ ಇವರನ್ನು ನೆನೆದರೆ ಅರ್ಧ ಲೆಕ್ಕವಾಗುತ್ತದೆ. ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರಲ್ಲ, ಅವರು ಬಿಟ್ಟುಹೋದ ಮನೆಯಲ್ಲಿ ಒಬ್ಬ ಮುದುಕಿ ಉಳಿದಿರುತ್ತಾಳೆ. ಈ ಸೀಮೆಯಲ್ಲಿ ಒಬ್ಬರೇ ಇರುವುದರ ಹಳೆಯ ರೂಪ ಅದು.

ಟೀಚರಮ್ಮನನ್ನು ಕೇಳಿ, ಮುದುಕಿಯನ್ನು ಕೇಳಿ, ಉತ್ತರ ಒಂದೇ: ‘ಒಬ್ಬಾಕಿಗೆ ಏನ್ ಅಡಿಗಿ ಮಾಡ್ಕೊಂತ ಕುಂದ್ರೋದ್ರಿ?’ ಹಾಗೆ ಹೇಳಿದವರು ಉಪವಾಸ ಇರುವುದಿಲ್ಲ. ಅನ್ನ ಆಗಿರುತ್ತದೆ, ಸಾರೂ ಆಗಿರುತ್ತದೆ. ಆದರೆ ಕುಕ್ಕರಿನೊಳಗೇ ಸಾರು ಸುರಿದು, ಚಮಚ ಹಾಕಿ, ಕಟ್ಟೆಗೆ ಒರಗಿ ನಿಂತು, ಎಡಗೈಯಲ್ಲಿ ಫೋನು ಹಿಡಿದು ಊಟ ಮುಗಿದಿರುತ್ತದೆ. ಒಂಟಿ ಮನೆಯಲ್ಲಿ ಮೊದಲು ನಿಲ್ಲುವುದು ಬಡಿಸುವುದು. ಅಡುಗೆ ನಿಲ್ಲುವುದು ಆಮೇಲೆ, ಅದರ ಹಿಂದೆ ಹಿಂದೆ. ತಾಟು ಹಾಕಿಕೊಳ್ಳುವುದು ಬಿಟ್ಟವರು ಕೆಲವು ವಾರದಲ್ಲಿ ಸಾರು ಬಿಡುತ್ತಾರೆ, ಆಮೇಲೆ ಬಿಸ್ಕೀಟು-ಚಹಾದಲ್ಲಿ ರಾತ್ರಿ ಕಳೆಯುತ್ತಾರೆ. ‘ಮೇಲು’ ಎಂಬ ಮಾತಿಗೆ ನಿಜವಾದ ತೂಕ ಬರುವುದು ಇಲ್ಲಿ. ಪಂಕ್ತಿಯಲ್ಲಿ ಅದು ಹೊಗಳಿಕೆಯ ಲೆಕ್ಕವಾಗಿತ್ತು. ಒಂಟಿ ಮನೆಯಲ್ಲಿ ಅಡುಗೆ ನಾಳೆಯೂ ಆಗಬೇಕಾದರೆ ಇವತ್ತು ಬಡಿಸಿಕೊಳ್ಳಬೇಕು.

ನೀಡಿದ ಅನ್ನವನ್ನು ಹಗುರವಾಗಿ ಕಂಡವರ ಕತೆ ಮಾನ್ವಿಯಲ್ಲೇ ಇದೆ. ಮುಂದೆ ಜಗನ್ನಾಥದಾಸರೆಂದು ಹೆಸರಾಗಿ ‘ಹರಿಕಥಾಮೃತಸಾರ’ ಬರೆದವರು ಮೊದಲು ಶ್ರೀನಿವಾಸಾಚಾರ್ಯರೆಂಬ ಗಟ್ಟಿ ಪಂಡಿತರು. ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದಾಗ, ಕನ್ನಡದಲ್ಲಿ ಪದ ಹೇಳುವ ದಾಸರ ಮನೆಯ ಪಂಕ್ತಿ ತನಗೇಕೆ ಎಂದುಕೊಂಡು, ಹೊತ್ತು ಮೀರಿ ಉಂಡರೆ ಹೊಟ್ಟೆನೋವು ಬರುತ್ತದೆ ಎಂದು ನೆವ ಹೇಳಿದರಂತೆ. ನೆವ ನಿಜವಾಯಿತು, ಹೊಟ್ಟೆನೋವು ಬಂತು, ಉಂಡದ್ದು ದಕ್ಕದಾಯಿತು. ಕೊನೆಗೆ ಅವರನ್ನು ಉಳಿಸಿದವರು ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿ ಉತ್ತನೂರಿನಲ್ಲಿದ್ದ ಗೋಪಾಲದಾಸರು. ಅವರು ಮಂತ್ರಿಸಿ ಕೊಟ್ಟದ್ದು ಜೋಳದ ರೊಟ್ಟಿ ಎಂದು ನಮ್ಮ ಕಡೆ ಹೇಳುತ್ತಾರೆ. ಭಕ್ತರು ಇದರಲ್ಲಿ ಧನ್ವಂತರಿಯ ಮಹಿಮೆ ಕಾಣುತ್ತಾರೆ, ಆಯುರ್ದಾನದ ಮಾತೂ ಬರುತ್ತದೆ. ನನಗೆ ಮಾತ್ರ ಹೊಟ್ಟೆನೋವಿನವನಿಗೆ ಜೋಳದ ರೊಟ್ಟಿಯೇ ಔಷಧವಾದದ್ದು ಹಿಡಿಸುತ್ತದೆ. ರೊಟ್ಟಿ ಎಲ್ಲರ ಮನೆಯಲ್ಲೂ ಇದ್ದದ್ದೇ. ಇಲ್ಲದಿದ್ದದ್ದು ಕೊಡುವ ಕೈ, ಅದಕ್ಕಿಂತ ಹೆಚ್ಚಾಗಿ ತಗೊಳ್ಳುವ ಮನಸ್ಸು.

ಇನ್ನು ಅಡುಗೆಯ ಮಾತು. ರೊಟ್ಟಿ ಒಬ್ಬರ ಅಡುಗೆಯಲ್ಲ ಎಂದು ಒಪ್ಪಿಬಿಡಬೇಕು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ನೀರು ಹೊಯ್ದು, ಬಿಸಿ ಇರುವಾಗಲೇ ಅಂಗೈ ಬುಡದಿಂದ ತಿಕ್ಕಿ ನಾದಿದರಷ್ಟೇ ಬಡಿಯಲು ಬರುತ್ತದೆ. ಎರಡು ರೊಟ್ಟಿಗಾಗಿ ಇಷ್ಟೆಲ್ಲ ಹೂಡಿ, ಕಟ್ಟೆ ತುಂಬ ಹಿಟ್ಟು ಮಾಡಿ, ಮತ್ತೆ ಅದನ್ನು ಒರೆಸುವಷ್ಟು ವ್ಯವಧಾನ ಬಸ್ಸಿಳಿದು ಬಂದವರಿಗೆ ಇರುವುದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದು ಮಾನ್ವಿ, ಸಿಂಧನೂರು ಭತ್ತದ ಸೀಮೆಯಾದ ಮೇಲೆ ನಾವು ಅನ್ನಕ್ಕೆ ಹೊರಳಿದ್ದಕ್ಕೆ ಕಾಲುವೆಯಷ್ಟೇ ಅನ್ನ ಮಾಡುವ ಸಸಾರವೂ ಕಾರಣ. ಅಕ್ಕಿ ತಾನೇ ಬೇಯುತ್ತದೆ, ರೊಟ್ಟಿ ತಾನೇ ಬಡಿದುಕೊಳ್ಳುವುದಿಲ್ಲ. ಆದರೆ ನಮ್ಮ ಹೆಂಗಸರು ಇದಕ್ಕೆ ಎಂದೋ ದಾರಿ ಮಾಡಿಟ್ಟಿದ್ದಾರೆ: ಕಟಕ್ ರೊಟ್ಟಿ. ನೀರಿನಂಶವೆಲ್ಲ ಹೋಗುವಂತೆ ಕಾಯಿಸಿದ ಇದು ಬಟ್ಟೆ ಸುತ್ತಿದ ಬುಟ್ಟಿಯಲ್ಲಿ ವಾರಗಟ್ಟಲೆ ಕೆಡುವುದಿಲ್ಲ. ಮನೆಯಲ್ಲೇ ಮಾಡಿ ಮಾರುವವರು ಊರೂರಲ್ಲಿದ್ದಾರೆ. ಕೊಂಡು ತಂದರೆ ಕೈಲಾಗದವರು ಎಂದುಕೊಳ್ಳಬೇಕಾಗಿಲ್ಲ.

ಬುಟ್ಟಿಯಲ್ಲಿ ಕಟಕ್ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಹಿಂಡಿ ಇದ್ದರೆ ಮುಕ್ಕಾಲು ಅಡುಗೆ ಆದ ಹಾಗೆ. ಶೇಂಗಾವನ್ನು ಸಣ್ಣ ಉರಿಯಲ್ಲಿ, ಸಿಪ್ಪೆಯ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುವವರೆಗೆ ಹುರಿಯಬೇಕು. ಅವಸರದ ಉರಿಗೆ ಹೊರಗೆ ಕರಕಾಗಿ ಒಳಗೆ ಹಸಿ ಉಳಿಯುತ್ತದೆ. ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ, ಬೆಳ್ಳುಳ್ಳಿ, ಕೆಂಪು ಖಾರ, ಜೀರಿಗೆ, ಉಪ್ಪು ಹಾಕಿ ಒರಳಲ್ಲಿ ಕುಟ್ಟಿದರೆ ರುಚಿ. ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಸಮನೆ ಬಿಟ್ಟರೆ ಎಣ್ಣೆ ಒಡೆದು ಮುದ್ದೆಯಾಗುತ್ತದೆ. ಒಂದು ಹನಿ ನೀರು ತಾಗದಿದ್ದರೆ ಬಹಳ ದಿನ ಬರುತ್ತದೆ.

ಇದನ್ನು ಬಡಿಸಿಕೊಳ್ಳುವ ಬಗೆ ನೋಡಿ. ತಾಟಿನ ಒಂದು ಬದಿಗೆ ಹಿಂಡಿ ಹಾಕಿ, ಬೆರಳಿನಿಂದ ನಡುವೆ ಗುಳಿ ಮಾಡಿ, ಅದಕ್ಕೆ ಹಸಿ ಎಣ್ಣೆಯನ್ನೋ ಗಟ್ಟಿ ಮೊಸರನ್ನೋ ಬಿಡುತ್ತಾರೆ. ಪಕ್ಕದಲ್ಲಿ ಗುದ್ದಿದ ಉಳ್ಳಾಗಡ್ಡಿ, ಒಂದೆರಡು ಮೆಂತ್ಯದ ಎಸಳು. ಒಲೆ ಹೊತ್ತಿಸದೆ ಆದ ಊಟ. ಡಬ್ಬಿಯಿಂದಲೇ ಚಮಚದಲ್ಲಿ ಬಾಯಿಗೆ ಹಾಕಿಕೊಂಡರೂ ಹೊಟ್ಟೆಗೆ ಹೋಗುವ ಪದಾರ್ಥ ಅದೇ. ಆದರೆ ಹಾಗೆ ತಿಂದವರು ಊಟವಾಯಿತೇ ಎಂದರೆ ‘ಏನೋ ಒಂದು’ ಅನ್ನುತ್ತಾರೆ, ಹೀಗೆ ತಿಂದವರು ‘ರೊಟ್ಟಿ ಉಂಡೆ’ ಅನ್ನುತ್ತಾರೆ.

ಮಂಡಾಳು ಒಗ್ಗರಣೆಯೂ ಒಬ್ಬರಿಗೆ ಹೇಳಿ ಮಾಡಿಸಿದ್ದು. ಮಂಡಾಳನ್ನು ನೀರಿಗೆ ಅದ್ದಿದ ತಕ್ಷಣ ಹಿಂಡಿ ತೆಗೆದು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನದ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ ಲಿಂಬೆ ಹಿಂಡಿದರೆ ಮುಗಿಯಿತು. ಮಿರ್ಚಿ ಬೇಕೆನಿಸಿದರೆ ಬಂಡಿಯವನ ಹತ್ತಿರ ಎರಡು ಕಟ್ಟಿಸಿಕೊಂಡು ಬರುವುದು ಜಾಣತನ, ಎರಡು ಮಿರ್ಚಿಗೆ ಬಾಣಲೆ ಎಣ್ಣೆ ಕಾಸುವುದು ಹುಚ್ಚು. 1948ರವರೆಗೆ ನಿಜಾಮನ ರಾಜ್ಯದಲ್ಲಿದ್ದ ಊರುಗಳಾದ್ದರಿಂದ ಕಿಚಡಿ-ಖಟ್ಟಾ ಕೂಡ ನಮ್ಮದೇ ಆಗಿದೆ. ಅಕ್ಕಿ, ಬೇಳೆ ಒಂದೇ ಕುಕ್ಕರಿನಲ್ಲಿ. ಹುಣಸೆ, ಎಳ್ಳು, ಉಳ್ಳಾಗಡ್ಡಿಯ ಖಟ್ಟಾಕ್ಕೆ ಕುದಿಸುವ ಗೊಡವೆಯೇ ಇಲ್ಲ.

ಗಾದೆಯನ್ನು ಇನ್ನು ಸ್ವಲ್ಪ ಚಾಚಿದರೆ ಮನೆಯ ಅಲಂಕಾರಕ್ಕೂ ಬರುತ್ತದೆ. ಗೋಡೆ, ಸೂರು, ನೆಲ ಎಲ್ಲ ಮಾಲೀಕ ‘ಮಾಡಿ’ ಇಟ್ಟದ್ದು. ಅದನ್ನು ನಮಗೆ ನಾವು ಬಡಿಸಿಕೊಳ್ಳುವುದೇ ಅಲಂಕಾರ. ‘ಗ್ವಾಡಿಗೆ ಮೊಳಿ ಹೊಡಿಬ್ಯಾಡ್ರಿ’ ಎಂಬುದು ಮಾಲೀಕನ ಮೊದಲ ಶರತ್ತು. ಒಳ್ಳೆಯದೇ ಆಯಿತು, ಕೆಟ್ಟ ಅಲಂಕಾರಗಳಲ್ಲಿ ಅರ್ಧ ಮೊಳೆಯಿಂದಲೇ ಶುರುವಾಗುತ್ತವೆ. ಅಂಗಡಿಯ ಪ್ಲಾಸ್ಟಿಕ್ ಬಳ್ಳಿ, ಗೋಡೆಗೆ ಅಂಟಿಸುವ ಇಟ್ಟಿಗೆ ಚಿತ್ರದ ಹಾಳೆ, ಮಿಣಿಮಿಣಿ ದೀಪದ ಸರ ಇವೆಲ್ಲ ಬೇರೆಯವರ ಕಣ್ಣಿಗೆ ಬಡಿಸುವ ಸಾಮಾನು. ರಾಯಚೂರಿನ ಧೂಳಿಗೆ ಪ್ಲಾಸ್ಟಿಕ್ ಎಲೆ ಒಂದು ತಿಂಗಳಿಗೆ ಬೂದಿಬಣ್ಣವಾಗುತ್ತದೆ, ಅದನ್ನು ಒಂದೊಂದೇ ಒರೆಸುವ ಶಿಕ್ಷೆ ಯಾರಿಗೆ ಬೇಕು.

ಈ ಸೀಮೆಯಲ್ಲಿ ಅಲಂಕಾರದ ಮೊದಲ ಕೆಲಸ ಬಿಸಿಲನ್ನು ಹೊರಗಿಡುವುದು. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ ನಲವತ್ತು ದಾಟುವ ಊರಿದು. ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ಮಣ್ಣು ಆ ಕೆಲಸ ಮಾಡುತ್ತಿತ್ತು. ಈಗಿನ ಸಿಮೆಂಟ್ ಛತ್ತು ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ಕೆಳಗೆ ಬಿಡುತ್ತದೆ. ಮಾಲೀಕನನ್ನು ಒಪ್ಪಿಸಿ ಛತ್ತಿನ ಮೇಲೆ ದಪ್ಪಗೆ ಸುಣ್ಣ ಬಳಿಸಿದರೆ ಬಿಸಿಲು ಹಿಂದಕ್ಕೆ ಹೊಡೆದು ಕೋಣೆಯ ಧಗೆ ತಗ್ಗುತ್ತದೆ. ಪಡುವಣ ಕಿಟಕಿಗೆ ಪರದೆ ಬೇಕೇ ಬೇಕು. ಅದಕ್ಕೆ ಅವ್ವನ ಹಳೆಯ ಇಳಕಲ್ ಸೀರೆಗಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗದು. ಎರಡಾಗಿ ಮಡಚಿ, ಮೇಲಂಚಿಗೆ ದಾರ ಪೋಣಿಸಿ, ಕಿಟಕಿಯ ಸರಳಿಗೇ ಕಟ್ಟಬಹುದು. ಅಂಚನ್ನು ಕೆಳಗೆ ಬರುವಂತೆ ಬಿಟ್ಟರೆ ಸಂಜೆಯ ಬೆಳಕು ಆ ಬಣ್ಣದಲ್ಲಿ ಸೋಸಿ ನೆಲಕ್ಕೆ ಬೀಳುತ್ತದೆ.

ಕಬ್ಬಿಣದ ಮಂಚಕ್ಕೆ ಕೌದಿ ಹಾಸಿದರೆ ಕೋಣೆಗೆ ಬಣ್ಣ ಬಂದಂತೆಯೇ. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಒತ್ತೊತ್ತಾಗಿ ಹೊಲಿದ ಕೌದಿಯನ್ನು ಬೆಂಗಳೂರಿನ ಅಂಗಡಿಗಳಲ್ಲಿ ಸಾವಿರಾರು ರೂಪಾಯಿಗೆ ಮಾರುವುದನ್ನು ಕಂಡು ನಮ್ಮ ಮುದುಕಿಯರು ನಕ್ಕರೆ ತಪ್ಪಿಲ್ಲ. ಕಿಟಕಿಯ ಕೆಳಗೆ ಹಸಿ ಉಸುಕಿನ ಮೇಲೆ ಒಂದು ಮಣ್ಣಿನ ಹರವಿ. ನೆಲಕ್ಕೆ ಈಚಲ ಚಾಪೆ. ಹಳೆಯ ಮನೆ ಸಿಕ್ಕರೆ ಗೋಡೆಯಲ್ಲೇ ಗೂಡು ಇರುತ್ತದೆ. ಅದರ ಸುತ್ತ ಜಾಜಿನ ಒಂದು ಗೆರೆ ಎಳೆದು ಒಳಗೆ ನಿತ್ಯ ಕೈಗೆ ಬೇಕಾದ ನಾಲ್ಕೇ ವಸ್ತು ಇಡಿ. ಐದನೆಯದು ಬಂತೆಂದರೆ ಗೂಡು ಅಟ್ಟವಾಗುತ್ತದೆ. ಇನ್ನೊಂದು ಮಾತು: ಉಣ್ಣುವ ಜಾಗ ಮಲಗುವ ಮಂಚ ಆಗಿರಬಾರದು. ಕೋಣೆ ಎಷ್ಟೇ ಚಿಕ್ಕದಿರಲಿ, ಒಂದು ಮಣೆ ಅಥವಾ ಚಾಪೆಯ ಒಂದು ಮೂಲೆ ಊಟಕ್ಕೆಂದೇ ಇರಲಿ.

ಗಾದೆಯಲ್ಲಿ ಮಾಡಿದವಳೂ ಹೆಣ್ಣು, ಬಡಿಸಿದವಳೂ ಹೆಣ್ಣು. ಉಂಡವನು ಮಾತಿನಲ್ಲಿ ಇಲ್ಲ. ಅವನು ಕಾಣದೆ ಪಂಕ್ತಿಯಲ್ಲಿ ಕೂತಿದ್ದಾನೆ. ಒಂಟಿ ಇರುವ ಗಂಡಸರು ಇಂದಿಗೂ ಬಹುಪಾಲು ಖಾನಾವಳಿಯ ಪಂಕ್ತಿಯಲ್ಲೇ ಇದ್ದಾರೆ. ಖಾನಾವಳಿಯನ್ನು ಹಳಿಯಲಾರೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಕೇಳಿದಷ್ಟು ಮಜ್ಜಿಗೆ ಸಿಗುವ ಪುಣ್ಯದ ಜಾಗ. ಆದರೆ ಭಾನುವಾರ ಸಂಜೆ ಅದರ ಬಾಗಿಲು ಮುಚ್ಚಿದ್ದನ್ನು ಕಂಡು ಕಂಗಾಲಾಗುವವರು ತಾಟು ಎತ್ತಿಡುವುದರಿಂದಾದರೂ ಶುರು ಮಾಡಲಿ.

ಮುದುಕಿಯ ಮಾತೇ ಕಷ್ಟದ್ದು. ಮನೆ ತುಂಬ ಜನರಿಗೆ ನೀಡಿ, ಕೊನೆಗೆ ತಳದಲ್ಲಿ ಉಳಿದದ್ದನ್ನು ಗಡಿಗೆಯಲ್ಲೇ ಕಲಸಿ ಉಂಡು ಕಾಲ ಕಳೆದವಳು ಆಕೆ. ಬಡಿಸುವ ಕೈ ಎಂದರೆ ಬೇರೆಯವರ ತಾಟಿನತ್ತ ಹೋಗುವ ಕೈ ಎಂದೇ ಆಕೆಯ ಅಭ್ಯಾಸ. ಮಕ್ಕಳು ಯುಗಾದಿಗೆ ಬಂದರೆ ಹುರುಪಿನಿಂದ ಎದ್ದು ಹೋಳಿಗೆ ತಟ್ಟುವ ಆ ಕೈಗೆ, ಅವರು ಮತ್ತೆ ಬಸ್ಸು ಹತ್ತಿದ ಮರುದಿನ ಒಂದು ಮುಷ್ಟಿ ಅನ್ನ ಬಸಿಯುವುದೂ ಭಾರ. ತಾಟು ಹಾಕಿಕೋ, ಮಣೆ ಹಾಕಿಕೋ ಎಂಬ ಉಪದೇಶ ಟೀಚರಮ್ಮನಿಗೆ ನಾಟೀತು, ಆಕೆಗೆ ನಾಟುವುದಿಲ್ಲ. ಆಕೆಗೆ ಎದುರಿಗೆ ಉಣ್ಣುವ ಇನ್ನೊಂದು ಬಾಯಿ ಬೇಕು.

ಅದಕ್ಕೆ ಹಳ್ಳಿ ಕಂಡುಕೊಂಡ ಉಪಾಯ ಬಟ್ಟಲು. ಪುಂಡಿಪಲ್ಯ ಮಾಡಿದ ದಿನ ಪಕ್ಕದ ಮನೆಗೆ ಒಂದು ಬಟ್ಟಲು ಹೋಗುತ್ತದೆ. ಬಾಡಿಗೆಗೆ ಬಂದ ಟೀಚರಮ್ಮನಿಗೆ ಮೊದಲ ವಾರವೇ ಅದು ಬಂದಿರುತ್ತದೆ, ‘ಅಮ್ಮ ಕೊಟ್ಟಾಳ್ರಿ’ ಎಂದು ಹುಡುಗ ಬಾಗಿಲಲ್ಲಿ ನಿಂತಿರುತ್ತಾನೆ. ಬಂದ ಬಟ್ಟಲನ್ನು ತೊಳೆದು ಬರಿದಾಗಿ ಹಿಂದಕ್ಕೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಹೀಗಾಗಿ ಒಂಟಿ ಇದ್ದವರೂ ವಾರಕ್ಕೊಮ್ಮೆಯಾದರೂ ಇನ್ನೊಬ್ಬರಿಗಾಗಿ ಅಡುಗೆ ಮಾಡಲೇಬೇಕಾಗುತ್ತದೆ. ಎದುರುಮನೆಯ ಮುದುಕಿಗೂ ಅಷ್ಟೇ, ಟೀಚರಮ್ಮನ ಕಿಚಡಿಯ ಬಟ್ಟಲು ಬಂತೆಂದರೆ ತಿರುಗಿಸಿ ಕೊಡಲು ಏನಾದರೂ ಮಾಡಿರಬೇಕಲ್ಲ ಎಂದು ಒಲೆ ಹೊತ್ತಿಸುತ್ತಾಳೆ. ಏನೂ ಆಗದ ದಿನ ಬಟ್ಟಲಿಗೆ ನಾಲ್ಕು ಚಮಚ ಶೇಂಗಾ ಹಿಂಡಿ ಹಾಕಿ ಕೊಟ್ಟರೆ ಸಾಕು. ಅದೂ ಮುಗಿದಿದ್ದರೆ ಒಂದು ಹಿಡಿ ಸಕ್ಕರೆ ಹಾಕಿದರೂ ನಡೆಯುತ್ತದೆ, ಯಾರೂ ತಪ್ಪು ತಿಳಿಯುವುದಿಲ್ಲ.