ಆಟದ ಹಿಂಸೆಯೂ ನಿಜದ ಹಿಂಸೆಯೂ

ಹಿಂಸೆಯನ್ನು ಆಟವಾಗಿ ಆಡುವವನು ಬದುಕಿನಲ್ಲಿಯೂ ಹಿಂಸಕನಾಗುವನೇ ಎಂಬ ಪ್ರಶ್ನೆಯನ್ನು ಮಠಕ್ಕೆ ಬರುವ ಭಕ್ತರಲ್ಲಿ ಅನೇಕರು ಈಚಿನ ವರ್ಷಗಳಲ್ಲಿ ನಮ್ಮ ಮುಂದೆ ಇಡುತ್ತಿದ್ದಾರೆ. ಹೀಗೆ ಕೇಳುವವರು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆತನದವರು. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ತಮ್ಮ ಸುಖವನ್ನು ಬದಿಗಿಟ್ಟವರು. “ಬುದ್ಧಿ, ಊಟಕ್ಕೆ ಕರೆದರೂ ಹುಡುಗ ಏಳುವುದಿಲ್ಲ. ಮೊಬೈಲಿನಲ್ಲಿ ಹೊತ್ತಿಲ್ಲದ ಹೊತ್ತಿನಲ್ಲೆಲ್ಲ ಜನರಿಗೆ ಗುಂಡಿಕ್ಕುತ್ತಿರುತ್ತಾನೆ. ನಾಳೆ ಇವನು ಏನಾಗುವನೋ” ಎಂದು ತಾಯಿಯೊಬ್ಬಳು ಹೇಳುವಾಗ ಅದನ್ನು ಹಳಬರ ಗೊಣಗಾಟವೆಂದು ತಳ್ಳಿಹಾಕುವುದು ಯುಕ್ತವಲ್ಲ. ಆದರೆ ಆತಂಕವೊಂದೇ ಪ್ರಮಾಣವಾಗಲಾರದು. ಆದುದರಿಂದ ವಿಷಯವನ್ನು ಕ್ರಮವಾಗಿ ವಿಚಾರಿಸಿ ನೋಡಬೇಕಾಗಿದೆ.

ಈ ಆತಂಕಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಘೋರವಾದ ನಿಮಿತ್ತ ಒದಗಿತು. 2019ರ ಸೆಪ್ಟೆಂಬರಿನಲ್ಲಿ ಬೆಳಗಾವಿಯ ಸಮೀಪದ ಕಾಕತಿ ಗ್ರಾಮದಲ್ಲಿ ಯುವಕನೊಬ್ಬನು ತನ್ನ ತಂದೆಯನ್ನೇ ಕೊಂದ ಆರೋಪದ ಮೇಲೆ ಬಂಧಿತನಾದನು. ಮಗನು ಸದಾ ‘ಪಬ್ಜಿ’ ಎಂಬ ಮೊಬೈಲ್ ಆಟದಲ್ಲಿ ಮುಳುಗಿರುತ್ತಿದ್ದನೆಂದೂ, ತಂದೆ ಅದನ್ನು ಆಕ್ಷೇಪಿಸಿದುದೇ ಕೃತ್ಯಕ್ಕೆ ಮೂಲವೆಂದೂ ಪತ್ರಿಕೆಗಳು ವರದಿ ಮಾಡಿದವು. ನೂರು ಮಂದಿ ಆಟಗಾರರು ಒಂದು ದ್ವೀಪಕ್ಕೆ ಇಳಿದು, ಆಯುಧಗಳನ್ನು ಹುಡುಕಿಕೊಂಡು, ಒಬ್ಬರನ್ನೊಬ್ಬರು ಕೊಲ್ಲುತ್ತ ಹೋಗಿ ಕೊನೆಗೆ ಉಳಿದವನು ಗೆಲ್ಲುವುದೇ ಆ ಆಟದ ಸ್ವರೂಪ. ಇಂತಹ ಆಟವನ್ನು ಆಡುತ್ತಿದ್ದವನ ಕೈಯಿಂದ ಇಂತಹ ಕೊಲೆ ನಡೆಯಿತೆಂದ ಮೇಲೆ ಓದುಗರ ಮನಸ್ಸು ಎರಡನ್ನೂ ಕೂಡಲೇ ಬೆಸೆದುಬಿಟ್ಟುದು ಸಹಜವೇ. ‘ಪಬ್ಜಿಯ ಬಲಿ’ ಎಂಬ ಮಾತು ಮನೆಮನೆಯಲ್ಲಿ ಕೇಳಿಬಂದಿತು.

ಕಾಕತಿ ಎಂದರೆ ಕಿತ್ತೂರು ರಾಣಿ ಚೆನ್ನಮ್ಮನ ಹುಟ್ಟೂರು. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಆಂಗ್ಲ ಅಧಿಕಾರಿ ಥ್ಯಾಕರೆ ಹತನಾದನು. ಆ ಪ್ರಸಂಗವನ್ನು ನಾಡಿನ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ರಟ್ಟಿನ ಕತ್ತಿ ಹಿಡಿದು ಎಷ್ಟು ಸಲ ಅಭಿನಯಿಸಿಲ್ಲ! ಥ್ಯಾಕರೆ ಬಿದ್ದೊಡನೆ ಸಭೆ ಚಪ್ಪಾಳೆ ತಟ್ಟುತ್ತದೆ. ಆ ಮಕ್ಕಳು ಕೊಲೆಗಡುಕರಾದಾರೆಂದು ಭಯಪಟ್ಟ ತಂದೆತಾಯಿಗಳನ್ನು ನಾವು ಕಂಡಿಲ್ಲ. ಹಾಗಿದ್ದರೆ ಒಂದು ಆಟದ ಕೊಲೆ ನಿರಪಾಯಕರವೂ ಇನ್ನೊಂದು ಅಪಾಯಕರವೂ ಆಗುವುದು ಹೇಗೆ?

ಸಂಸ್ಕೃತ ಪಾಠಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರೇ. ಕಾರ್ಯಕ್ಕೆ ಮೊದಲು ಇದ್ದ ಮಾತ್ರಕ್ಕೆ ಒಂದು ವಸ್ತು ಕಾರಣವಾಗದು. ಅದು ನಿಯತವಾಗಿ ಇರಬೇಕು, ಜೊತೆಗೆ ಅನ್ಯಥಾಸಿದ್ಧವಾಗಿರಬಾರದು ಎಂಬುದು ಅಲ್ಲಿಯ ಮೊದಲ ಪಾಠಗಳಲ್ಲಿ ಒಂದು. ಬಟ್ಟೆಗೆ ನೂಲು ಕಾರಣ, ನೇಯುವವನೂ ಕಾರಣ. ಸಂತೆಯಿಂದ ನೂಲಿನ ಮೂಟೆಯನ್ನು ಹೊತ್ತು ತಂದ ಕತ್ತೆ ಮಗ್ಗದ ಬಳಿಯೇ ನಿಂತಿದ್ದರೂ ಕಾರಣವಲ್ಲ. ಅದಿಲ್ಲದಿದ್ದರೆ ಎತ್ತಿನ ಗಾಡಿ ತರುತ್ತಿದ್ದಿತು. ಅನ್ವಯ, ವ್ಯತಿರೇಕಗಳೆರಡರಿಂದಲೂ ಪರೀಕ್ಷಿಸಿ ನೋಡಿದಾಗ ಈ ಆಟ ನೂಲಾಗಿ ನಿಲ್ಲುವುದೋ ಕತ್ತೆಯಾಗಿ ನಿಲ್ಲುವುದೋ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಪಾಶ್ಚಾತ್ಯ ಮನೋವಿಜ್ಞಾನಿಗಳು ಇದನ್ನು ಅರುವತ್ತು ವರ್ಷಗಳಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಸ್ಟ್ಯಾನ್‌ಫರ್ಡಿನ ಆಲ್ಬರ್ಟ್ ಬಂಡೂರಾ 1961ರಲ್ಲಿ 72 ಶಿಶುಗಳ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧವಾದುದು. ದೊಡ್ಡವರು ಗಾಳಿ ತುಂಬಿದ ಬೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ತಾವೂ ಅದನ್ನು ಹೊಡೆದರು. ಅನುಕರಣೆಯ ಶಕ್ತಿಯನ್ನು ಇದು ತೋರಿಸಿತೆಂಬುದು ನಿಜ; ಆದರೆ ಹೊಡೆಸಿಕೊಳ್ಳುವುದಕ್ಕೆಂದೇ ಮಾಡಿದ ಬೊಂಬೆಯನ್ನು ಹೊಡೆಯುವುದಕ್ಕೂ ತಮ್ಮನನ್ನು ಹೊಡೆಯುವುದಕ್ಕೂ ಇರುವ ಭೇದ ಶಿಶುವಿಗೂ ತಿಳಿದಿರುತ್ತದೆ. ಅನಂತರ ಕ್ರೇಗ್ ಆಂಡರ್ಸನ್ ಮುಂತಾದವರು ಹಿಂಸಾತ್ಮಕ ಆಟಗಳು ಆಕ್ರಮಣಶೀಲತೆಯನ್ನು ಹೆಚ್ಚಿಸುತ್ತವೆಂದು ಬಲವಾಗಿ ವಾದಿಸಿದರು. ಇಂತಹ ಪ್ರಯೋಗಶಾಲೆಗಳಲ್ಲಿ ಆಕ್ರಮಣಶೀಲತೆಯನ್ನು ಅಳೆಯುವ ಒಂದು ಬಗೆಯೆಂದರೆ, ಆಟವಾಡಿದವನು ಎದುರಾಳಿಯ ಕಿವಿಗೆ ಎಷ್ಟು ಜೋರಾದ ಸದ್ದನ್ನು ಎಷ್ಟು ಹೊತ್ತು ಕೇಳಿಸುತ್ತಾನೆ ಎಂದು ನೋಡುವುದು. ಈ ಅಳತೆಯನ್ನು ಹಿಡಿದರೆ ನಮ್ಮ ಊರಿನ ಉತ್ಸವಗಳಲ್ಲಿ ಧ್ವನಿವರ್ಧಕ ಕಟ್ಟುವವರೆಲ್ಲರೂ ಘೋರ ಹಿಂಸಕರೆನಿಸಿಯಾರು.

ಅಮೆರಿಕದ ಮನೋವಿಜ್ಞಾನಿಗಳ ಸಂಘವು 2015ರಲ್ಲಿ ಆಟಕ್ಕೂ ಸಣ್ಣಪುಟ್ಟ ಆಕ್ರಮಣಶೀಲತೆಗೂ ಸಂಬಂಧವಿದೆಯೆಂದು ಹೇಳಿತು. ಆದರೆ ಅಪರಾಧವೆನಿಸುವ ಹಿಂಸೆಗೆ ಆಟ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲವೆಂದೂ ಹೇಳಿತು. 2020ರಲ್ಲಿ ಅದೇ ಸಂಘವು ಈ ಎರಡನೆಯ ಮಾತನ್ನೇ ಒತ್ತಿ ಹೇಳಿ, ಹಿಂಸಾಕೃತ್ಯಗಳ ಹೊಣೆಯನ್ನು ಆಟಗಳ ಮೇಲೆ ಹೊರಿಸುವುದು ವೈಜ್ಞಾನಿಕವಲ್ಲವೆಂದು ಎಚ್ಚರಿಸಿತು. ಆಕ್ಸ್‌ಫರ್ಡಿನ ವಿದ್ವಾಂಸರು 14–15 ವಯಸ್ಸಿನ 1004 ಮಕ್ಕಳನ್ನೂ ಅವರ ಪೋಷಕರನ್ನೂ ವಿಚಾರಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂತಹ ಸಂಬಂಧವೇ ಕಂಡುಬರಲಿಲ್ಲ. ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ಈ ಆಟಗಳ ಗೀಳು ಬಹಳ. ಕೊಲೆಗಳು ಮಾತ್ರ ಬಹಳ ವಿರಳ. ವ್ಯತಿರೇಕವೂ ಇಲ್ಲ, ಅನ್ವಯವೂ ಇಲ್ಲವೆಂದ ಮೇಲೆ ತರ್ಕಶಾಸ್ತ್ರದ ತೀರ್ಪು ಸ್ಪಷ್ಟವಾಗಿದೆ. ಕೊಲೆಗೆ ಆಟ ಕಾರಣವೆಂಬುದು ಸಿದ್ಧವಾಗುವುದಿಲ್ಲ.

ನಮ್ಮ ನಗರದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಡಾ. ರಾಜ್‌ಕುಮಾರ್ ತೆರೆಯ ಮೇಲೆ ಮದ್ಯಪಾನ, ಧೂಮಪಾನಗಳನ್ನೂ ದೂರವಿಟ್ಟ ನಟರು. ಗುರುಹಿರಿಯರಲ್ಲಿ ಭಕ್ತಿ, ಮಾತಿನಲ್ಲಿ ಸೌಜನ್ಯ ಇವುಗಳನ್ನು ಎರಡು ತಲೆಮಾರಿಗೆ ಕಲಿಸಿದವರು. ಆದರೂ 2006ರ ಏಪ್ರಿಲ್ 12ರಂದು ಅವರು ಕಾಲವಶರಾದಾಗ ಬೆಂಗಳೂರು ಎರಡು ದಿನ ಹೊತ್ತಿ ಉರಿಯಿತು. ಪೊಲೀಸ್ ಸಿಬ್ಬಂದಿಯೊಬ್ಬರೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ಇನ್ನೊಂದೆಡೆ 1995ರಲ್ಲಿ ಬಂದ ‘ಓಂ’ ಎಂಬ ಚಿತ್ರವು ಬೆಂಗಳೂರಿನ ಭೂಗತ ಲೋಕವನ್ನೇ ವಸ್ತುವಾಗಿ ಉಳ್ಳದ್ದು. ನಿಜವಾದ ರೌಡಿಗಳೇ ಅದರಲ್ಲಿ ಕಾಣಿಸಿಕೊಂಡಿದ್ದರು. ಮತ್ತೆ ಮತ್ತೆ ಬಿಡುಗಡೆಯಾಗಿ ಲಕ್ಷಾಂತರ ಜನರು ಅದನ್ನು ನೋಡಿದರು. ನೋಡಿದವರು ಬಹುಮಟ್ಟಿಗೆ ಮಾರನೆಯ ದಿನ ಕೆಲಸಕ್ಕೆ ಹೋದರು. ಸಜ್ಜನಿಕೆಯ ಚಿತ್ರಗಳನ್ನು ನೋಡಿ ಬೆಳೆದ ನಗರವು ಕಲ್ಲು ಹಿಡಿಯಿತು. ಲಾಂಗು ಮಚ್ಚುಗಳ ಚಿತ್ರವನ್ನು ನೋಡಿದವರು ಮನೆಗೆ ನಡೆದರು. ತೆರೆಯ ಮೇಲೆ ಏನು ಕಂಡಿತು ಎಂಬುದರಿಂದ ಬೀದಿಯಲ್ಲಿ ಏನು ನಡೆದೀತು ಎಂದು ಊಹಿಸುವ ಮಾರ್ಗ ಇಷ್ಟು ದುರ್ಬಲವಾದುದು.

ಇಲ್ಲಿಗೆ ವಿಚಾರ ಮುಗಿಯಿತೆಂದು ಆಟದ ವ್ಯಾಪಾರಿಗಳು ಹೇಳಿಯಾರು. ಮುಗಿಯಲಿಲ್ಲ.

ನಮ್ಮ ಪರಂಪರೆಯಲ್ಲಿ ವೀರಗಾಸೆಯಿದೆ. ಜಾತ್ರೆಯಲ್ಲಿ ಪುರವಂತರು ಕತ್ತಿ ಹಿರಿದು, ದಕ್ಷಯಜ್ಞದ ಒಡಪುಗಳನ್ನು ಹೇಳುತ್ತ, ವೀರಭದ್ರನು ದಕ್ಷನ ತಲೆಯನ್ನು ಕತ್ತರಿಸಿದ ಪ್ರಸಂಗವನ್ನು ಎದೆ ನಡುಗುವಂತೆ ನಡೆಸುತ್ತಾರೆ. ಮಕ್ಕಳು ಮುಂದಿನ ಸಾಲಿನಲ್ಲಿಯೇ ನಿಂತು ನೋಡುತ್ತಾರೆ. ರೌದ್ರಕ್ಕೆ ಅಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಕತ್ತಿ ಹಿಡಿದವನು ವ್ರತದಲ್ಲಿದ್ದು ಹಿಡಿದಿರುತ್ತಾನೆ. ಸುತ್ತಲೂ ಊರಿನ ಹಿರಿಯರಿರುತ್ತಾರೆ. ಆಚರಣೆಗೆ ಒಂದು ಆರಂಭ, ಒಂದು ಮಂಗಳವಿರುತ್ತದೆ. ಕಥೆಯೂ ತಲೆ ಕಡಿದಲ್ಲಿಗೆ ನಿಲ್ಲುವುದಿಲ್ಲ. ದಕ್ಷನಿಗೆ ಕುರಿಯ ತಲೆಯನ್ನಿಟ್ಟು ಬದುಕಿಸಲಾಗುತ್ತದೆ. ಅಹಂಕಾರ ಅಳಿದವನಿಗೆ ಬದುಕು ಮರಳಿ ದೊರೆಯುತ್ತದೆ. ಮೊಬೈಲಿನ ಆಟದಲ್ಲಿಯೂ ಸತ್ತವನು ಮುಂದಿನ ಸುತ್ತಿಗೆ ಏಳುತ್ತಾನೆ. ಆದರೆ ಏಳುವುದು ಮತ್ತೆ ಕೊಲ್ಲುವುದಕ್ಕಾಗಿ. ಅಲ್ಲಿ ಪಶ್ಚಾತ್ತಾಪವಿಲ್ಲ, ಸಂಧಿಯಿಲ್ಲ, ಮಂಗಳವಂತೂ ಇಲ್ಲವೇ ಇಲ್ಲ. ಮಂಗಳ ಹಾಡಿದರೆ ಆಟಗಾರನು ಎದ್ದು ಹೋಗುವನು. ಎದ್ದು ಹೋದರೆ ವ್ಯಾಪಾರ ನಿಲ್ಲುವುದು. ದಿನವೂ ಬಂದವನಿಗೆ ದಿನದ ಬಹುಮಾನ, ಬಾರದವನಿಗೆ ಹಿಂದೆ ಬೀಳುವ ಭಯ, ಇವೇ ಅದರ ಯಂತ್ರ.

ಇನ್ನೊಂದು ಭೇದವೂ ಇದೆ. ಭರತಮುನಿಯ ನಾಟ್ಯಶಾಸ್ತ್ರವು ಯುದ್ಧ, ಮರಣ ಮುಂತಾದವುಗಳನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸದೆ ಸೂಚಿಸಬೇಕೆಂದು ವಿಧಿಸುತ್ತದೆ. ಪ್ರೇಕ್ಷಕನು ಕೂಡ ಕ್ರಿಯೆಯಿಂದ ಒಂದು ದೂರದಲ್ಲಿ ನಿಂತೇ ರಸವನ್ನು ಸವಿಯುತ್ತಾನೆ. ಆಟದಲ್ಲಿ ಈ ದೂರವಿಲ್ಲ. ಆಡುವವನು ಪ್ರೇಕ್ಷಕನಲ್ಲ, ಕರ್ತೃ. ಗುರಿಯಿಡುವ ಕಣ್ಣು ಅವನದು, ಒತ್ತುವ ಬೆರಳು ಅವನದು. ಕೊಲೆ ನಡೆಯದಿದ್ದರೂ ಕೊಲ್ಲುವ ಸಂಕಲ್ಪದ ಒಂದು ಛಾಯೆ ದಿನಕ್ಕೆ ನೂರು ಸಲ ಮನಸ್ಸಿನಲ್ಲಿ ಹಾದುಹೋಗುತ್ತದೆ. ಇದರಿಂದ ಸಂಸ್ಕಾರವೇ ಉಂಟಾಗುವುದಿಲ್ಲವೆಂದು ಹೇಳುವುದಾದರೆ ಜಪದಿಂದಲೂ ಸಂಸ್ಕಾರ ಉಂಟಾಗುವುದಿಲ್ಲವೆಂದು ಹೇಳಬೇಕಾದೀತು. ಜರ್ಮನಿಯ ತತ್ತ್ವಜ್ಞ ಕಾಂಟನು ಪ್ರಾಣಿಗಳ ವಿಷಯದಲ್ಲಿ ಕ್ರೂರನಾದವನು ಮನುಷ್ಯರ ವಿಷಯದಲ್ಲಿಯೂ ಗಡುಸಾಗುತ್ತಾನೆಂದು ವಾದಿಸಿದ್ದನು. ಕಾಂಟನ ನಾಯಿಗಾದರೋ ನೋವಾಗುತ್ತಿತ್ತು; ತೆರೆಯ ಮೇಲಿನ ಬೊಂಬೆಗೆ ನೋವಿಲ್ಲ. ಆದುದರಿಂದ ಆ ವಾದವನ್ನು ಇಲ್ಲಿ ಯಥಾವತ್ತಾಗಿ ತರಲಾಗದು. ಆದರೂ ಹಿಂಸೆಯ ವಿಚಾರದಲ್ಲಿ ಶಾಸ್ತ್ರವು ಕಾಯಿಕ, ವಾಚಿಕ, ಮಾನಸಿಕಗಳೆಂದು ಮೂರು ಬಗೆ ಮಾಡಿರುವುದು ಸುಮ್ಮನೆ ಅಲ್ಲ. ನ್ಯಾಯಾಲಯ ವಿಚಾರಿಸುವುದು ಮೊದಲ ಎರಡನ್ನು. ಮೂರನೆಯದು ಅವರವರ ಒಳಗಿನ ವಿಚಾರಣೆಗೆ ಬಿಟ್ಟದ್ದು.

ಈ ಮಾತನ್ನು ಒಮ್ಮೆ ವಿದ್ಯಾರ್ಥಿನಿಲಯದ ಮಕ್ಕಳ ಮುಂದೆ ಹೇಳುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಎದ್ದು ನಿಂತು, “ಬುದ್ಧಿ, ಆಟದಲ್ಲಿ ಯಾರೂ ಸಾಯುವುದಿಲ್ಲ. ಮನೆಯಲ್ಲಿ ರಾತ್ರಿ ಊಟ ಮಾಡುವಾಗ ಟಿ.ವಿ.ಯಲ್ಲಿ ಯುದ್ಧದಲ್ಲಿ ನಿಜವಾಗಿ ಸತ್ತವರನ್ನು ತೋರಿಸುತ್ತಾರೆ. ದೊಡ್ಡವರು ಅದನ್ನು ನೋಡುತ್ತಲೇ ಸಾರು ಬಡಿಸಿಕೊಳ್ಳುತ್ತಾರೆ” ಎಂದನು. ನಿಲಯಪಾಲಕರು ಅವನನ್ನು ಗದರಿಸಿ ಕೂರಿಸಲು ಹೋದರು, ನಾವು ಬೇಡವೆಂದೆವು. ನಿಜವಾದ ಸಾವಿನ ಮುಂದೆ ಕೈ ತುತ್ತನ್ನು ಬಾಯಿಗೆ ಒಯ್ಯಲು ತಡವರಿಸದಷ್ಟು ಮನಸ್ಸು ಜಡ್ಡುಗಟ್ಟಿದ್ದರೆ, ಆ ಜಡ್ಡು ಹುಡುಗರ ಮೊಬೈಲಿನಿಂದ ಬಂದುದಲ್ಲ.

ಕಾಕತಿಯ ಪ್ರಕರಣಕ್ಕೆ ಮರಳೋಣ. ಆ ಆಟದಲ್ಲಿ ಬಂದೂಕುಗಳಿದ್ದವು. ಆ ಮನೆಯ ಜಗಳ ಬಂದೂಕಿನದಲ್ಲ, ಮೊಬೈಲಿನದು. ಆಟದ ಕೊಲೆಯನ್ನು ಮಗನು ಅನುಕರಿಸಿದನೆಂದು ಹೇಳುವುದಕ್ಕಿಂತ, ಆಟ ಕೈತಪ್ಪುವುದನ್ನು ಸಹಿಸಲಾರದೆ ಹೋದನೆಂದು ಹೇಳುವುದು ವರದಿಗಳಿಗೆ ಹೆಚ್ಚು ಹೊಂದುತ್ತದೆ. ಮದ್ಯಕ್ಕೆ ಹಣ ಕೊಡಲಿಲ್ಲವೆಂದು ತಾಯಿಯನ್ನು ಹೊಡೆದ ಮಗನ ಕಥೆ ನಮ್ಮ ನಾಡಿಗೆ ಹೊಸದೇ? ಅಲ್ಲಿ ಯಾರೂ ಸೀಸೆಯ ಮೇಲಿನ ಚಿತ್ರವನ್ನು ದೂರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ಚಟವನ್ನು ಒಂದು ವ್ಯಾಧಿಯೆಂದು ಸೇರಿಸಿದೆ. ಹತೋಟಿ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗುವುದು, ಕೇಡಾಗುತ್ತಿದ್ದರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಕಾಣಿಸಿಕೊಳ್ಳುವುದು ಅದರ ಲಕ್ಷಣಗಳು. ಆಟದಲ್ಲಿ ಬಂದೂಕಿದೆಯೇ ಇಲ್ಲವೇ ಎಂಬ ಪ್ರಶ್ನೆ ಆ ಲಕ್ಷಣಗಳಲ್ಲಿ ಇಲ್ಲ. ನಮ್ಮ ನಗರದ ನಿಮ್ಹಾನ್ಸ್ 2014ರಲ್ಲಿಯೇ ಇಂತಹ ಚಟಗಳಿಗಾಗಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು. ಮಗನನ್ನು ಅಲ್ಲಿಗೆ ಕರೆದೊಯ್ಯಲು ನಾಚುವ ಭಕ್ತರು ದಯವಿಟ್ಟು ನಾಚಬಾರದು. ಜ್ವರಕ್ಕೆ ವೈದ್ಯರಲ್ಲಿಗೆ ಹೋಗುವವರು ಇದಕ್ಕೂ ಹೋಗಬಹುದು. ನಮ್ಮ ಬಳಿಗೆ ಬಂದು ತಾಯತ ಕೇಳುವುದಕ್ಕಿಂತ ಅದು ಮೇಲು.

‘ಆಟವೇ ಕಾರಣ’ ಎಂಬ ಮಾತಿನಲ್ಲಿ ಇನ್ನೊಂದು ಅಪಾಯವಿದೆ. ಆಟ ಕೊಂದಿತೆಂದರೆ ಮನುಷ್ಯನು ಕೊಲ್ಲಲಿಲ್ಲವೆಂದಾಯಿತು. ಅಪರಾಧಿಗೂ ನೆಪ ದೊರೆಯಿತು, ಮನೆಗೂ ನೆಪ ದೊರೆಯಿತು, ನೆರೆಹೊರೆಗೂ ದೊರೆಯಿತು. ತಾನು ಮಾಡಿದುದನ್ನು ತಾನು ಮಾಡಿದೆನೆಂದು ಒಪ್ಪಿಕೊಳ್ಳುವ ಶಕ್ತಿಯೇ ಮನುಷ್ಯನ ಘನತೆ. ಅದನ್ನು ಒಂದು ಯಂತ್ರಕ್ಕೆ ಒಪ್ಪಿಸಿಬಿಟ್ಟರೆ ತಿದ್ದಿಕೊಳ್ಳಲು ಉಳಿಯುವುದೇನು?

ನಿಷೇಧದ ಮಾತೂ ಹೀಗೆಯೇ. 2019ರ ಮಾರ್ಚಿನಲ್ಲಿ ಗುಜರಾತಿನ ರಾಜಕೋಟೆಯ ಪೊಲೀಸರು ಪಬ್ಜಿಯನ್ನು ನಿಷೇಧಿಸಿದ್ದರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರವು ಅದೂ ಸೇರಿದಂತೆ 118 ಮೊಬೈಲ್ ಆ್ಯಪ್‌ಗಳನ್ನು ತಡೆಯಿತು; ಕಾರಣವಾಗಿ ಹೇಳಿದ್ದು ಹಿಂಸೆಯನ್ನಲ್ಲ, ದೇಶದ ಭದ್ರತೆಯನ್ನು. ಮರುವರ್ಷ ಅದೇ ಬಗೆಯ ಆಟ ಬೇರೆ ಹೆಸರಿನಲ್ಲಿ ಬಂದಿತು, ತಡೆಯಲ್ಪಟ್ಟಿತು, 2023ರಲ್ಲಿ ಮತ್ತೆ ಬಂದಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವಂತೂ 2011ರಲ್ಲಿಯೇ, ಮಕ್ಕಳಿಗೆ ಹಿಂಸಾತ್ಮಕ ಆಟಗಳನ್ನು ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನನ್ನು ರದ್ದುಪಡಿಸಿತ್ತು.

1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯಲ್ಲಿ ಮನೆಗಳ ಹಿಂದೆಯೂ ಓಣಿಗಳಿದ್ದವು. ಲಗೋರಿ, ಬುಗುರಿ, ಚಿನ್ನಿದಾಂಡುಗಳು ಅಲ್ಲಿ ನಡೆಯುತ್ತಿದ್ದವು. 1938ರಲ್ಲಿ ಆರ್. ಕಲ್ಯಾಣಮ್ಮನವರು ಅಲ್ಲಿಯೇ ಮಕ್ಕಳಿಗಾಗಿ ಮಕ್ಕಳ ಕೂಟವನ್ನು ಕಟ್ಟಿದರು. ಆ ಬೀದಿಯಾಟಗಳಲ್ಲಿ ಹೊಡೆದಾಟವೂ ಇತ್ತು, ಹಣೆಯೂ ಒಡೆಯುತ್ತಿತ್ತು. ಆದರೆ ಒಡೆದವನು ಒಡೆಸಿಕೊಂಡವನ ರಕ್ತವನ್ನು ಕಾಣುತ್ತಿದ್ದನು, ಅವನ ತಾಯಿಯಿಂದ ಬೈಸಿಕೊಳ್ಳುತ್ತಿದ್ದನು, ಮರುದಿನ ಮತ್ತೆ ಅವನೊಡನೆಯೇ ಆಡಬೇಕಾಗುತ್ತಿತ್ತು. ಈಗ ಆ ಓಣಿಗಳಲ್ಲಿ ಕಾರುಗಳು ನಿಂತಿವೆ. ಕಾರು ನಿಲ್ಲಿಸಿದವರೇ ಮಠಕ್ಕೆ ಬಂದು ಮಗನು ಹೊರಗೆ ಆಡುವುದಿಲ್ಲವೆಂದು ನೊಂದುಕೊಳ್ಳುತ್ತಾರೆ.

ನಮ್ಮ ವಿದ್ಯಾರ್ಥಿನಿಲಯದಲ್ಲಿ ಮೊಬೈಲನ್ನು ಕಿತ್ತುಕೊಳ್ಳುವ ಪದ್ಧತಿ ಇಲ್ಲ. ಕಿತ್ತುಕೊಳ್ಳುವ ಕ್ಷಣದಲ್ಲಿಯೇ ಕೇಡು ಹುಟ್ಟುವುದೆಂದು ಮೇಲೆ ಹೇಳಿದೆವಷ್ಟೆ. ಸಂಜೆ ಒಂದು ಗಂಟೆ ಬಯಲಿನಲ್ಲಿ ಆಡಬೇಕು; ರಾತ್ರಿ ಒಂಬತ್ತಕ್ಕೆ ಪ್ರತಿಯೊಬ್ಬನೂ ತನ್ನ ಕೈಯಾರೆ ಮೊಬೈಲನ್ನು ಕಚೇರಿಯ ಪೆಟ್ಟಿಗೆಯಲ್ಲಿ ಇಡಬೇಕು. ಈ ನಿಯಮವನ್ನು ತಂದಾಗ ನಿಲಯಪಾಲಕರ ಮೊಬೈಲೂ ಅದೇ ಪೆಟ್ಟಿಗೆಗೆ ಬರಬೇಕೆಂದು ಹುಡುಗರು ಕೇಳಿದರು, ಬಂದಿತು. ಸ್ವಾಮಿಗಳದೂ ಬರಬೇಕೆಂದರು. ಅದೂ ಬಂದಿದೆ. ಭಕ್ತರು ರಾತ್ರಿ ಒಂಬತ್ತರ ಮೇಲೆ ತುರ್ತು ಕಾರ್ಯವಿದ್ದರೆ ಮಠದ ಸ್ಥಿರ ದೂರವಾಣಿಗೆ ಕರೆ ಮಾಡತಕ್ಕದ್ದು.