ಸಿಡಿಯದ ಕೋವಿಯ ಮುಂದೆ

ಚಕಮಕಿ ಕೋವಿಯ ಕುದುರೆ ಬಿದ್ದಾಗ ಹಾರುವ ಕಿಡಿ ಕಲ್ಲಿನದು ಎಂದೇ ಬಹಳ ಜನ ತಿಳಿದಿರುತ್ತಾರೆ. ಉರಿಯುವುದು ಉಕ್ಕು. ಕುದುರೆಯ ಬಾಯಿಗೆ ಕಚ್ಚಿಸಿದ ಕಲ್ಲು ಎದುರಿನ ಉಕ್ಕಿನ ಹಲಗೆಯನ್ನು ಕೆರೆಯುತ್ತ ಇಳಿಯುತ್ತದೆ. ಆಗ ಏಳುವ ಉಕ್ಕಿನ ಚೂರುಗಳು ಎಷ್ಟು ಸಣ್ಣವೆಂದರೆ, ಬಿಸಿಯೇರಿ ಗಾಳಿ ತಾಗಿದ್ದೇ ಹೊತ್ತಿಕೊಳ್ಳುತ್ತವೆ. ಗಾಳಿಯಲ್ಲಿನ ಆಮ್ಲಜನಕ ಕಬ್ಬಿಣವನ್ನು ಕೂಡುವುದು ಒಂದೇ ಕ್ಷಣದಲ್ಲಿ ನಡೆದುಹೋದರೆ ಅದು ಕಿಡಿ. ಅದೇ ಕೂಡಿಕೆ ನೀರಿನ ಪಸೆ ಬೆರೆತು ನೂರು ಇನ್ನೂರು ವರ್ಷ ನಡೆದರೆ ತುಕ್ಕು. ಹಳೆಯ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ತುಕ್ಕು ಬಿಡಿಸುವ ಹೊತ್ತಿನಲ್ಲಿ ಇದು ನೆನಪಾದರೆ ನನ್ನ ಕೈ ತಾನಾಗಿ ನಿಲ್ಲುತ್ತದೆ.

ತುಕ್ಕಿಗಿಂತ ಮೊದಲು ನೋಡಬೇಕಾದ್ದು ಈಡು. ಗಜವನ್ನು ನಳಿಗೆಯ ತಳದವರೆಗೆ ಇಳಿಸಿ, ಬಾಯಿಯ ಬಳಿ ಗುರುತು ಹಾಕಿ, ಹೊರತೆಗೆದು ನಳಿಗೆಯ ಪಕ್ಕಕ್ಕಿಟ್ಟು ನೋಡಬೇಕು. ತುದಿಯು ಕಿಡಿ ಹೋಗುವ ತೂತಿನವರೆಗೂ ಬಾರದೆ ಮೊದಲೇ ನಿಂತಿತೋ, ಒಳಗೆ ಏನೋ ಕೂತಿದೆ. ಆಗ ಕೆಲಸ ಅಲ್ಲಿಗೇ ನಿಲ್ಲಿಸಿ ಬಲ್ಲವರಿಗೆ ಒಪ್ಪಿಸಬೇಕು. ಗೋಡೆಗೆ ತೂಗಿದ ಕೇಪಿನ ಕೋವಿಗಳಲ್ಲಿ ಮುತ್ತಜ್ಜನ ಕಾಲದ ಮದ್ದು ಹಾಗೆಯೇ ಉಳಿದಿರುವುದು ಅಂಥ ಅಪರೂಪವಲ್ಲ. ಪೆಟ್ಲುಪ್ಪು, ಗಂಧಕ, ಇದ್ದಿಲು ಮೂರೂ ಒಣಗಿದ್ದರೆ ತಲೆಮಾರುಗಳನ್ನು ಕಾಯಬಲ್ಲವು. ಕೆಸರಿನಲ್ಲಿ ಹೂತುಹೋದ ಮದ್ದು ಕೂಡ ಪೂರ್ತಿ ಸಾಯುವುದಿಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕಾಗ, ಆ ಬಾವಿಯ ಮಣ್ಣಿಗೆ ಮದ್ದಿನ ವಾಸನೆ ಇತ್ತಂತೆ. ಇನ್ನೂರು ಮಳೆಗಾಲಕ್ಕೂ ಹೋಗದ ವಾಸನೆ!

ಆಮೇಲೆ ಎಣ್ಣೆ, ಮತ್ತು ತಾಳ್ಮೆ. ಹಿಡಿದುಕೊಂಡ ಸ್ಕ್ರೂಗಳಿಗೆ ಎಣ್ಣೆ ಬಿಟ್ಟು ದಿನಗಟ್ಟಲೆ ಸುಮ್ಮನಿರಬೇಕು. ಬಿಚ್ಚಿದ ಸ್ಕ್ರೂ ಯಾವ ತೂತಿನದೆಂದು ಬರೆದಿಟ್ಟುಕೊಳ್ಳಬೇಕು. ಕೈಯಿಂದ ಸುತ್ತು ಕೊರೆದ ಆ ಕಾಲದ ಸ್ಕ್ರೂ ತನ್ನ ತೂತಿಗಲ್ಲದೆ ಬೇರೆಯದಕ್ಕೆ ಕೂರುವುದಿಲ್ಲ. ಕೆಂಪಗೆ ಪುಡಿಯಾಗಿ ಉದುರುವ ತುಕ್ಕು ಹೋಗಬೇಕು. ಅದರಡಿ ಗಟ್ಟಿಯಾಗಿ ಕೂತ ಕಂದುಗಪ್ಪು ಬಣ್ಣ ಉಳಿಯಬೇಕು. ಉಪ್ಪುಕಾಗದ ಹಿಡಿದು ಬೆಳ್ಳಿಯ ಹಾಗೆ ಬೆಳಗಿದ ಕೋವಿಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಲ್ಲಿ ಕಬ್ಬಿಣದ ಜೊತೆ ಕೆತ್ತನೆಯೂ ಸವೆದಿರುತ್ತದೆ, ಕೈಯಾಡಿದ ಗುರುತೂ ಅಳಿದಿರುತ್ತದೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಕಾಸಿ ಬಡಿದು ಮಾಡಿದ ನಳಿಗೆಯಾದರೆ ಹೊಳಪು ಕೊಟ್ಟಷ್ಟೂ ಅದರ ಸುರುಳಿ ಗೆರೆಗಳು ಮಾಯವಾಗುತ್ತವೆ. ಆ ಗೆರೆಗಳು ಬಳಿದ ಬಣ್ಣವಲ್ಲ, ಲೋಹದ ಒಳಗಿನಿಂದ ಬಂದವು.

ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದಿಡುವುದು ಹೊರಗಿನ ಚೆಲುವಲ್ಲ. ಕುದುರೆ ಕೂತ ತಗಡನ್ನು ಬಿಚ್ಚಿ ಮಗುಚಿದರೆ ಒಳಮೈಯಲ್ಲಿ ಅರ ಎಳೆದ ಗೀರುಗಳು ನಿನ್ನೆಯವೇ ಎಂಬಷ್ಟು ಸ್ಪಷ್ಟವಾಗಿ ಕಾಣುವುದುಂಟು. ಬಿಸಿಲು, ಬೆವರು ಅಲ್ಲಿಗೆ ಅಷ್ಟಾಗಿ ತಲುಪಿರುವುದಿಲ್ಲ. ಮರಕ್ಕೆ ಒತ್ತಿಕೊಳ್ಳುವ ನಳಿಗೆಯ ಅಡಿಭಾಗದಲ್ಲಿ ಕೆಲಸಗಾರನ ಗುರುತು ಇರುವುದುಂಟು. ಆ ಗುರುತು ಕೊಂಡವನಿಗೂ ಕಾಣುವುದಿಲ್ಲ, ಗುಂಡು ತಿಂದವನಿಗೂ ಕಾಣುವುದಿಲ್ಲ. ಮುಂದೊಂದು ದಿನ ರಿಪೇರಿಗೆ ಬಿಚ್ಚುವವನಿಗೆ ಮಾತ್ರ ಕಾಣುತ್ತದೆ. ಹೆಸರೂ ಗೊತ್ತಿಲ್ಲದ ಆ ಮನುಷ್ಯ ನನ್ನಂಥ ಒಬ್ಬನನ್ನು ಎಣಿಸಿಯೇ ಅದನ್ನು ಅಲ್ಲಿ ಒತ್ತಿದನೇನೋ ಅನ್ನಿಸಿ ಮೈ ಜುಮ್ಮೆನ್ನುತ್ತದೆ.

ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ತಯಾರಾದ ಕೋವಿಗಳಲ್ಲಿ ಈ ಬೆರಗಿಗೆ ಒಂದು ಮುಳ್ಳೂ ಇದೆ. ಟಿಪ್ಪುವಿಗಾಗಿ ಮಾಡಿದ ಕೋವಿಗಳಲ್ಲಿ ಕುದುರೆಯೇ ಹುಲಿಯಾಗುತ್ತದೆ, ನಳಿಗೆಯ ಮೇಲೆ ಹುಲಿಪಟ್ಟೆ ಹರಿಯುತ್ತದೆ, ನಾಲ್ಕು ಮನೆಯ ಚೌಕದಲ್ಲಿ ಹೈದರ್ ಎಂಬ ಹೆಸರಿನ ಅಕ್ಷರಗಳು ಕೂತಿರುತ್ತವೆ. ಇಷ್ಟು ಪ್ರೀತಿಯಿಂದ ಮಾಡಿದ್ದು ಕೊಲ್ಲುವ ವಸ್ತುವನ್ನು. ಈ ಮಾತನ್ನು ಪಕ್ಕಕ್ಕೆ ಸರಿಸಿ ಬರೀ ಕುಸುರಿಯನ್ನು ಹೊಗಳುವುದು ನನ್ನಿಂದಾಗದು. ಕುಸುರಿಯನ್ನು ಕಂಡು ಕಣ್ಣು ಮುಚ್ಚಿಕೊಳ್ಳುವುದೂ ಆಗದು.

ಕೊಡಗಿನಲ್ಲಿ ಕೋವಿಗೆ ಇನ್ನೂ ದನಿ ಇದೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದ ದಿನ ಅದಕ್ಕೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ಹುಟ್ಟನ್ನೂ ಸಾವನ್ನೂ ಊರಿಗೆ ಸಾರುವುದು ಅದರ ಸದ್ದೇ. ಪ್ರದರ್ಶನದ ಕೋವಿಯ ಪಾಡು ಬೇರೆ. ರಿಪೇರಿ ಮಾಡಿದರೂ ಸಿಡಿಯಲಾರದ ಹಳೆಯ ಕೋವಿಗಷ್ಟೇ 1959ರ ಶಸ್ತ್ರಾಸ್ತ್ರ ಕಾಯ್ದೆ ವಿನಾಯಿತಿ ಕೊಡುತ್ತದೆ. ರೂಪವನ್ನು ಉಳಿಸು, ಸದ್ದನ್ನು ಮರಳಿ ತರಬೇಡ ಎಂಬ ಈ ಕಟ್ಟು ನನಗೆ ಸರಿಯೆನ್ನಿಸುತ್ತದೆ. ಸಿಡಿಯುವ ಕೋವಿಯ ಮುಂದೆ ಮನಸ್ಸು ಗುರಿಯ ಕಡೆಗೇ ಓಡುತ್ತದೆ, ಕೋವಿಯನ್ನು ನೋಡುವುದೇ ಇಲ್ಲ.

2019ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್‌ನ ಒಂದು ಮನೆಯ ಅಟ್ಟದಿಂದ ಟಿಪ್ಪುವಿನದೆಂದು ಹೇಳಲಾದ ಬೆಳ್ಳಿಕಟ್ಟಿನ ಚಕಮಕಿ ಕೋವಿಯೊಂದು ಹರಾಜಿಗೆ ಬಂತು. ಅದರ ಮರದ ಬುಡದ ಎಡಮಗ್ಗುಲಲ್ಲಿ ಗುಂಡು ಬಡಿದ ಗಾಯವಿದೆ ಎಂದು ಹರಾಜಿನವರು ವಿವರಿಸಿದರು. ಅಂಥದ್ದಕ್ಕೆ ಮರದ ತುಂಡು ಕೂರಿಸಿ, ಬಣ್ಣ ಹೊಂದಿಸಿ, ಗೊತ್ತೇ ಆಗದಂತೆ ಮುಚ್ಚಬಲ್ಲ ಕುಶಲಿಗಳಿದ್ದಾರೆ. ಮುಚ್ಚಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಮರ ಒಡೆಯದಂತೆ ಕಾಪಾಡಬೇಕು, ಅಷ್ಟೇ. ಬಲಭುಜಕ್ಕೆ ಆನಿಸಿ ಗುರಿ ಹಿಡಿಯುವವನು ಕೆನ್ನೆಯೊತ್ತುವುದು ಬುಡದ ಎಡಮಗ್ಗುಲಿಗೇ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಆ ಗುಂಡು ಬಂದಿದ್ದರೆ, ಅದು ಬಂದ ಗಳಿಗೆಯಲ್ಲಿ ಆ ಕೆನ್ನೆ ಅಲ್ಲಿತ್ತೋ, ಇಲ್ಲವೋ?